ನಿನ್ನ ಮನೆಯ ಎದುರಿನ ಗೋಡೆ

ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಅದಾವ. ಇವತ್ತು ಎರಡು ವಾಕ್ಯಭಾಗ ತೆಗೀರಿ. ಯೋಹಾನ 5ನೇ ಅಧ್ಯಾಯ, 1ರಿಂದ 9ನೇ ವಚನ. ಇನ್ನೊಂದು, ನೆಹೆಮೀಯ 3ನೇ ಅಧ್ಯಾಯ. ಎರಡನೆಯದು ಬರೀ ಹೆಸರುಗಳ ಪಟ್ಟಿ. ವರ್ಷದಲ್ಲಿ ಸತ್ಯವೇದ ಓದಿ ಮುಗಿಸೋ ಪ್ಲಾನ್ ಹಾಕಿಕೊಂಡವರು ಮೊಬೈಲಿನಲ್ಲಿ ಈ ಅಧ್ಯಾಯವನ್ನ ಸರ್ರಂತ ಮೇಲೆ ತಳ್ಳಿ ದಾಟಿಬಿಡ್ತಾರೆ. ನಗಬೇಡಿ, ನಾನೂ ದಾಟಿದ್ದೆ.

ವಾಕ್ಯಕ್ಕೆ ಹೋಗೋ ಮುಂಚೆ ನನ್ನದೊಂದು ತಪ್ಪು ಹೇಳಬೇಕು. ನಿಮ್ಮಲ್ಲಿ ಕೆಲವರಿಗೆ ಅರ್ಧ ಗೊತ್ತಿದೆ, ಪೂರ್ತಿ ಗೊತ್ತಿಲ್ಲ.

ರಾಯಾಪುರದ ಚಿಗರಿ ಬಸ್ ನಿಲ್ದಾಣದಲ್ಲಿ ಇಳಿದು, ಪಿ.ಬಿ. ರಸ್ತೆ ದಾಟಿ ನಮ್ಮ ಓಣಿಗೆ ತಿರುಗಿದರೆ ಗಟಾರು ಬರುತ್ತೆ. ಅದರ ಮೇಲೆ ಫರಸಿ ಹಾಸಿತ್ತು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅದರಲ್ಲಿ ಒಂದು ಫರಸಿ ಒಡೆದು ಒಳಗೆ ಬಿತ್ತು. ಒಂದು ಕಾಲು ಸಲೀಸಾಗಿ ಇಳಿಯುವಷ್ಟು ಸಂದಿ. ನಾನು ಮೊದಲ ದಿನವೇ ನೋಡಿದೆ. ಯಾರಾದರೂ ಹೇಳ್ತಾರೆ ಬಿಡು ಅಂದುಕೊಂಡೆ. ಎರಡನೇ ವಾರ, ಅಲ್ಲಿರೋ ಮನೆಯವರೇ ಅರ್ಜಿ ಕೊಟ್ಟಿರಬಹುದು ಅಂದುಕೊಂಡೆ. ಒಂದು ತಿಂಗಳಾದ ಮೇಲೆ ಏನೂ ಅಂದುಕೊಳ್ಳಲಿಲ್ಲ, ಯಾಕಂದರೆ ಅದು ನನ್ನ ಕಣ್ಣಿಗೆ ಬೀಳೋದೇ ನಿಂತುಹೋಯಿತು. ಕಾಲು ತಾನೇ ದಾಟಿ ಹೋಗ್ತಿತ್ತು. ಒಂದು ಭಾನುವಾರ ಪ್ರಕಟಣೆಯಲ್ಲಿ "ಗಟಾರದ ಹತ್ರ ನೋಡಿಕೊಂಡು ಬರ್ರಿ" ಅಂತ ನಾನೇ ಹೇಳಿದೆ. ಹೇಳಿದ ಮೇಲೆ ನನ್ನ ಕೆಲಸ ಮುಗೀತು ಅನ್ನೋ ಹಾಗೆ.

ನಾಲ್ಕು ತಿಂಗಳು. ಆಮೇಲೆ ಒಂದು ಶುಕ್ರವಾರ ಉಪವಾಸ ಪ್ರಾರ್ಥನೆ ಮುಗಿದಾಗ ಕರೆಂಟ್ ಹೋಗಿತ್ತು. ನಮ್ಮ ಸಭೆಯ ಒಬ್ಬ ಅಮ್ಮ, ಎಪ್ಪತ್ತು ದಾಟಿದವರು, ಆ ಸಂದಿಯಲ್ಲಿ ಕಾಲಿಟ್ಟರು. ಸೊಂಟದ ಎಲುಬು ಮುರಿಯಿತು. ಇವತ್ತಿಗೂ ಅವರು ಮನೆಯಿಂದ ಹೊರಗೆ ಬರೋದು ಕಷ್ಟ.

ಆಪರೇಷನ್ ಆದ ಮೇಲೆ ಅವರ ಮನೆಗೆ ಹೋಗಿದ್ದೆ. ಪ್ರಾರ್ಥನೆ ಮಾಡಿ ಏಳೋ ಹೊತ್ತಿಗೆ ಕೇಳಿದರು: "ಪಾಸ್ಟರ್, ಆ ಕಲ್ಲು ಒಡದಿದ್ದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ, ಅಮ್ಮ."

ಅವರು ಏನೂ ಅನ್ನಲಿಲ್ಲ. ಸೊಸೆಯನ್ನ ಕರೆದು "ಪಾಸ್ಟರ್‌ಗೆ ಚಾ ಮಾಡವಾ" ಅಂದರು. ಬೈದಿದ್ದರೆ ಎಷ್ಟೋ ಹಗುರ ಆಗ್ತಿತ್ತು.

ಆಮೇಲೆ ಆ ಫರಸಿ ಹಾಕಿಸಿದ್ದಕ್ಕೆ ಆದ ಖರ್ಚು, ನಮ್ಮ ಯುವಜನ ಕೂಟದ ಒಂದು ದಿನದ ಚಾ-ಬಿಸ್ಕಿಟ್ ಖರ್ಚಿಗಿಂತ ಕಡಿಮೆ. ಇನ್ನೊಂದು ಮಾತು ಹೇಳಲೇಬೇಕು. ಆ ನಾಲ್ಕೂ ತಿಂಗಳು, ಪ್ರತಿ ಶುಕ್ರವಾರ, ಹುಬ್ಬಳ್ಳಿ-ಧಾರವಾಡಕ್ಕೆ ಉಜ್ಜೀವನ ಕೊಡು ಕರ್ತನೇ ಅಂತ ನಾನು ಕೈ ಎತ್ತಿ ಕೂಗ್ತಾ ಇದ್ದೆ. ಅವಳಿ ನಗರಕ್ಕಾಗಿ ಕಣ್ಣೀರು, ಹತ್ತು ಹೆಜ್ಜೆ ಆಚೆಗಿನ ಸಂದಿಗೆ ಒಂದು ಫೋನೂ ಇಲ್ಲ.

ಇದಕ್ಕೆ ನಮ್ಮ ಕಡೆ ಒಂದು ಮಾತಿದೆ. "ನಮಗ್ಯಾಕ ಬೇಕ್ರಿ ಊರ ಉಸಾಬರಿ?" ಪುಸ್ತಕದ ಕನ್ನಡದಲ್ಲಿ ಉದಾಸೀನ ಅಂತೀವಿ. ಉದಾಸೀನ ಅಂದರೆ ದುಷ್ಟತನ ಅಂತ ನಾವು ಅಂದುಕೊಳ್ಳಲ್ಲ, ಅದಕ್ಕೇ ಅದರ ಬಗ್ಗೆ ಪಶ್ಚಾತ್ತಾಪ ಪಡಲ್ಲ. ಸುಳ್ಳು ಹೇಳಿದರೆ ಗೊತ್ತಾಗುತ್ತೆ, ಸಿಟ್ಟು ಮಾಡಿದರೆ ಗೊತ್ತಾಗುತ್ತೆ. ಉದಾಸೀನಕ್ಕೆ ಸದ್ದಿಲ್ಲ.

ಈಗ ಯೋಹಾನ 5. ಯೆರೂಸಲೇಮಿನಲ್ಲಿ ಕುರಿಬಾಗಿಲಿನ ಹತ್ತಿರ ಒಂದು ಕೊಳ, ಐದು ಮಂಟಪ. ಅಲ್ಲಿ 38 ವರ್ಷದಿಂದ ರೋಗಿಯಾಗಿದ್ದ ಒಬ್ಬ ಮನುಷ್ಯ. ಇಲ್ಲಿರೋ ಬಹಳಷ್ಟು ಜನರ ವಯಸ್ಸಿಗಿಂತ ಅವನ ರೋಗಕ್ಕೆ ವಯಸ್ಸು ಜಾಸ್ತಿ. ಯೇಸು ಅವನನ್ನ ಕೇಳಿದ್ದು, ಸ್ವಸ್ಥನಾಗೋಕೆ ನಿನಗೆ ಮನಸ್ಸಿದೆಯಾ ಅಂತ. ಇದೆಂಥ ಪ್ರಶ್ನೆ? ರೋಗಿಗೆ ಯಾರಾದರೂ ಹೀಗೆ ಕೇಳ್ತಾರಾ? ಆದರೆ ಅವನ ಉತ್ತರ ನೋಡಿ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನೀರು ಉಕ್ಕಿದಾಗ ನನ್ನನ್ನ ಇಳಿಸೋಕೆ ಯಾರೂ ಇಲ್ಲ, ನಾನು ಹೋಗೋದರೊಳಗೆ ಇನ್ನೊಬ್ಬ ಇಳೀತಾನೆ ಅಂದ. ಪ್ರಶ್ನೆ ಮನಸ್ಸಿನ ಬಗ್ಗೆ, ಉತ್ತರ ಬೇರೆಯವರ ಬಗ್ಗೆ.

ಅವನು ಹೇಳಿದ್ದು ಸುಳ್ಳಲ್ಲ, ಇದನ್ನ ಗಮನಿಸಿ. ನಿಜವಾಗಿಯೂ ಅವನಿಗೆ ಯಾರೂ ಇರಲಿಲ್ಲ. ಯೇಸು ಅವನನ್ನ ಗದರಿಸಲೂ ಇಲ್ಲ. ಎದ್ದು, ಹಾಸಿಗೆ ಹೊತ್ತುಕೊಂಡು ನಡಿ ಅಂದನು. ಶಕ್ತಿ ಕೊಟ್ಟವನು ಕರ್ತನು. ಆದರೆ ಹಾಸಿಗೆಯನ್ನ ಕರ್ತನು ಹೊರಲಿಲ್ಲ, ಶಿಷ್ಯರ ಕೈಯಲ್ಲೂ ಹೊರಿಸಲಿಲ್ಲ. ಅಷ್ಟು ವರ್ಷ ಅವನನ್ನ ಹೊತ್ತಿದ್ದ ಹಾಸಿಗೆ ಈಗ ಅವನ ಹೆಗಲ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ವಾಕ್ಯವನ್ನ ಹಿಡಿದು ಯಾರನ್ನೂ ಹೊಡೀಬಾರದು. ಬೆಳಿಗ್ಗೆ ಏಳೋಕೆ ಆಗ್ತಿಲ್ಲ, ಊಟ ಸೇರ್ತಿಲ್ಲ, ವಾರಗಟ್ಟಲೆ ಮನಸ್ಸು ಕತ್ತಲಾಗಿದೆ ಅಂದರೆ ಅದು ಉದಾಸೀನ ಅಲ್ಲ, ಕಾಯಿಲೆ ಇರಬಹುದು. 1 ಅರಸುಗಳು 19ರಲ್ಲಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ಎರಡು ಸಲ ಊಟ, ನೀರು, ನಿದ್ದೆ ಕೊಟ್ಟನು. ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಡಾಕ್ಟರ ಹತ್ರ ಹೋದರೆ ವಿಶ್ವಾಸ ಕಡಿಮೆ ಅಂತ ನಿಮಗೆ ಯಾರಾದರೂ ಹೇಳಿದರೆ, ಅವರನ್ನ ನನ್ನ ಹತ್ರ ಕಳಿಸಿ.

ಉಳಿದವರು ನೆಹೆಮೀಯಕ್ಕೆ ಬನ್ನಿ.

ಯೆರೂಸಲೇಮಿನ ಗೋಡೆ ಬಾಬೆಲಿನವರ ಕೈಯಲ್ಲಿ ಬಿದ್ದದ್ದು ಕ್ರಿ.ಪೂ. 586ರಲ್ಲಿ. ನೆಹೆಮೀಯ ಬಂದದ್ದು ಸುಮಾರು ಕ್ರಿ.ಪೂ. 445ರಲ್ಲಿ. ಲೆಕ್ಕ ಹಾಕಿ, ಹತ್ತಿರ ಹತ್ತಿರ 140 ವರ್ಷ. ಸೆರೆಯಿಂದ ತಿರುಗಿ ಬಂದವರು ದೇವಾಲಯ ಕಟ್ಟಿದರು, ಹಬ್ಬ ಮಾಡಿದರು, ಮಕ್ಕಳ ಮದುವೆ ಮಾಡಿದರು. ಮನೆ ಎದುರಿಗಿನ ಕಲ್ಲಿನ ರಾಶಿ ಹಾಗೇ ಇತ್ತು. ಅಲ್ಲಿ ಹುಟ್ಟಿದ ಮಕ್ಕಳಿಗೆ ಊರು ಅಂದರೇ ಆ ರಾಶಿ. ನನ್ನ ಗಟಾರಕ್ಕೆ ನಾಲ್ಕು ತಿಂಗಳು ಸಾಕಾಯಿತು. ಅವರಿಗೆ ತಲೆಮಾರುಗಳು ಬೇಕಾದವು.

ನೆಹೆಮೀಯ ದೂರದ ಶೂಷನ್ ಅರಮನೆಯಲ್ಲಿದ್ದ, ಒಳ್ಳೆ ಕೆಲಸ. ಸುದ್ದಿ ಕೇಳಿ ಅತ್ತ. ಆದರೆ 1ನೇ ಅಧ್ಯಾಯದಲ್ಲಿ ಅವನ ಪ್ರಾರ್ಥನೆ ನೋಡಿ: ನಮ್ಮ ಪಿತೃಗಳು ತಪ್ಪು ಮಾಡಿದರು ಅಂತ ಮಾತ್ರ ಹೇಳಿ ಬಿಡಲಿಲ್ಲ, ನಾನೂ ನನ್ನ ಮನೆತನದವರೂ ಪಾಪ ಮಾಡಿದ್ದೇವೆ ಅಂತ ಒಪ್ಪಿಕೊಂಡ. ಗೋಡೆ ಬಿದ್ದಾಗ ಅವನು ಹುಟ್ಟೇ ಇರಲಿಲ್ಲ! ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸಿದ, ಆಮೇಲೆ ಅರಸನ ಮುಂದೆ ಬಾಯಿ ಬಿಟ್ಟು ರಜೆ ಕೇಳಿದ, ಮರ ಕೇಳಿದ, ಪತ್ರ ಕೇಳಿದ. ಅವನದೂ ನಾಲ್ಕು ತಿಂಗಳು, ನನ್ನದೂ ನಾಲ್ಕು ತಿಂಗಳು. ಇದನ್ನ ಓದಿದಾಗ ನನಗೆ ನಾಚಿಕೆ ಆಯಿತು.

3ನೇ ಅಧ್ಯಾಯದ ಪಟ್ಟಿ ಶುರುವಾಗೋದು ಕುರಿಬಾಗಿಲಿನಿಂದ. ಯೋಹಾನ 5ರಲ್ಲಿ ಬಂದ ಅದೇ ಹೆಸರು. ಅದನ್ನ ಕಟ್ಟಿದವರು ಮಹಾಯಾಜಕ ಎಲ್ಯಾಷೀಬ ಮತ್ತು ಅವನ ಜೊತೆ ಯಾಜಕರು, ಅಂದರೆ ನಮ್ಮಂಥ ಪಾಸ್ಟರ್‌ಗಳೇ ಮೊದಲು ಕಲ್ಲು ಹೊತ್ತರು. 8ನೇ ವಚನದಲ್ಲಿ ಅಕ್ಕಸಾಲಿಗರು, ಸುಗಂಧ ಮಾಡುವವರು. ಅತ್ತರು ಮಾಡೋ ಕೈಗೆ ಗಾರೆ ಕೆಲಸ ಹೇಗೆ ಬರಬೇಕು? ಆದರೂ ಬಂದರು. 12ನೇ ವಚನದಲ್ಲಿ ಶಲ್ಲೂಮ ಅನ್ನೋ ಅಧಿಕಾರಿ, ಜೊತೆಗೆ ಅವನ ಹೆಣ್ಣುಮಕ್ಕಳು. ತಂಗಿಯರೇ, ಅಕ್ಕಂದಿರೇ, ಆ ವಚನಕ್ಕೆ ಗೆರೆ ಹಾಕಿ. 5ನೇ ವಚನದಲ್ಲಿ ತೆಕೋವದ ದೊಡ್ಡ ಮನುಷ್ಯರು ಮಾತ್ರ ಬಗ್ಗಲಿಲ್ಲ. ಅವರ ಊರಿನ ಸಾಮಾನ್ಯ ಜನ ಏನು ಮಾಡಿದರು? ದೊಡ್ಡವರು ಬರಲಿಲ್ಲ ಅಂತ ಬಿಟ್ಟು ಹೋದರಾ? 27ನೇ ವಚನ ನೋಡಿ, ಇನ್ನೊಂದು ಭಾಗವನ್ನೂ ಕಟ್ಟಿದರು. ದೇವರಿಗೆ ಸ್ತೋತ್ರ!

ಮತ್ತೆ ಮತ್ತೆ ಬರೋ ಒಂದು ಮಾತಿದೆ: 10, 23, 28, 29, 30ನೇ ವಚನಗಳು. ತನ್ನ ಮನೆಯ ಎದುರಿಗೆ. ಮೆಷುಲ್ಲಾಮ ಅನ್ನೋವನು ತನ್ನ ಕೊಠಡಿಯ ಎದುರಿಗೆ. ಇಡೀ ಗೋಡೆ ಕಟ್ಟು ಅಂತ ಯಾರಿಗೂ ಹೇಳಲಿಲ್ಲ. 52 ದಿನಕ್ಕೆ ಗೋಡೆ ಎದ್ದಿತು.

"ಪಾಸ್ಟರ್, ಬಲದಿಂದಲ್ಲ, ಆತ್ಮನಿಂದಲೇ ಅಲ್ಲವೇ?" ಅಂತ ಯಾರೋ ಮನಸ್ಸಿನಲ್ಲಿ ಕೇಳ್ತಿದ್ದೀರಿ. ಹೌದು, ಆಮೆನ್. ಅಪೊಸ್ತಲರ ಕೃತ್ಯಗಳು 6 ಓದಿ. ವಿಧವೆಯರಿಗೆ ಊಟ ಸರಿಯಾಗಿ ಹಂಚೋಕೆ ಏಳು ಜನ ಬೇಕಾದಾಗ, ಆ ಕೆಲಸಕ್ಕೂ ಪವಿತ್ರಾತ್ಮಭರಿತರನ್ನೇ ಆರಿಸಿ ಅಂದರು. ಅಭಿಷೇಕ ವೇದಿಕೆಗೆ ಮಾತ್ರ ಅಂತ ನಮಗೆ ಯಾರು ಹೇಳಿದರು? ಫರಸಿ ಹಾಕೋಕೂ ಆತ್ಮ ಬೇಕು. ನೆಹೆಮೀಯನೂ 4ನೇ ಅಧ್ಯಾಯದಲ್ಲಿ ಪ್ರಾರ್ಥನೆಯನ್ನೂ ಮಾಡಿದ, ಕಾವಲನ್ನೂ ಇಟ್ಟ.

ನಮ್ಮ ಊರಿನದೇ ಒಂದು ಉದಾಹರಣೆ ಕೊಡ್ತೀನಿ. ಚಿಗರಿ ಬಸ್ಸಿನಲ್ಲಿ ಕೂತರೆ ಕೊನೆಗೆ ಧಾರವಾಡ. ಅಲ್ಲಿ ವಿದ್ಯಾವರ್ಧಕ ಸಂಘ ಎಲ್ಲರಿಗೂ ಗೊತ್ತು, ಶುರುವಾದದ್ದು ಹೇಗೆ ಅಂತ ಗೊತ್ತಿಲ್ಲ. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯದೇ ಜೋರು. ಮನೆಯಲ್ಲಿ ಕನ್ನಡ ಮಾತಾಡೋರೇ ಅದನ್ನ ಸಹಜ ಅಂದುಕೊಂಡಿದ್ದರು. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಒಳಗಿದ್ದು ಕನ್ನಡ ಶಾಲೆಗಳಿಗಾಗಿ ದುಡಿದಿದ್ದರು. ಆಮೇಲೆ ಧಾರವಾಡದ ಪಕ್ಕದ ನರೇಂದ್ರ ಗ್ರಾಮದ ರಾ.ಹ. ದೇಶಪಾಂಡೆ, ಎಂ.ಎ. ಓದಿದವರು, ಇನ್ನೂ 30 ತುಂಬಿರಲಿಲ್ಲ, 1890ರ ಜುಲೈ 20ರಂದು ಸಂಘ ಶುರುಮಾಡಿದರು. ಕನ್ನಡದಲ್ಲಿ ಪುಸ್ತಕ ಬರಬೇಕು, ಬರೆಯುವವರಿಗೆ ಬೆಂಬಲ ಸಿಗಬೇಕು. 1896ರಲ್ಲಿ ವಾಗ್ಭೂಷಣ ಪತ್ರಿಕೆ. ಕನ್ನಡ ನಾಡು ಒಂದಾದದ್ದು 1956ರಲ್ಲಿ, 66 ವರ್ಷದ ಮೇಲೆ; ಅದನ್ನ ನೋಡೋಕೆ ಅವರು ಇರಲಿಲ್ಲ. ಅವರು ನಮ್ಮ ಸಭೆಯವರಲ್ಲ, ಆದರೂ ತಮ್ಮ ಮನೆ ಎದುರಿನ ಗೋಡೆ ಯಾವುದು ಅಂತ ಅವರಿಗೆ ಗೊತ್ತಿತ್ತು. ಸಂಘ ಶುರುವಾದ ನಾಲ್ಕು ವರ್ಷಕ್ಕೆ, 1894ರಲ್ಲಿ, ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ. ಅವರು ಈ ದೇಶಕ್ಕೆ ಬಂದದ್ದು 1853ರಲ್ಲಿ. ಒಂದೊಂದೇ ಪದ ಕೂಡಿಸಿದರು.

ಈಗ ನಿಮ್ಮ ವಿಷಯ. ನಿಮ್ಮಲ್ಲಿ ಬಹಳ ಜನ ಧಾರವಾಡದ ಸಪ್ತಾಪುರದ ಕಡೆ ಪಿಜಿಯಲ್ಲಿದ್ದು ಪರೀಕ್ಷೆಗೆ ಓದ್ತಿದ್ದೀರಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್. ನೋಟಿಫಿಕೇಶನ್ ತಡ ಆಗೋದು ನಿಮ್ಮ ತಪ್ಪಲ್ಲ. ಕೊಳದ ನೀರು ಯಾವಾಗ ಉಕ್ಕುತ್ತೆ ಅನ್ನೋದು ಆ ಮನುಷ್ಯನ ಕೈಯಲ್ಲೂ ಇರಲಿಲ್ಲ. ಒಬ್ಬ ತಮ್ಮ ಬಂದು ಹೇಳಿದ, ಅವನ ಅನುಮತಿ ತಗೊಂಡೇ ಹೇಳ್ತಿದ್ದೀನಿ: "ಪಾಸ್ಟರ್, ಮೂರು ವರ್ಷ ಆತು. ಪುಸ್ತಕ ತೆರೆದು ಕೂಡ್ತೀನಿ, ರೀಲ್ಸ್ ನೋಡ್ತೀನಿ, ರಾತ್ರಿ ಫೋನ್ ಮಾಡಿ 'ಓದಾಕತ್ತೀನವ್ವಾ' ಅಂತೀನಿ. ಅವ್ವ ರೊಕ್ಕ ಕಳಸ್ತಾಳ." ನಾನು ಅವನಿಗೆ ಟೈಮ್‌ಟೇಬಲ್ ಹಾಕಿಕೊಡಲಿಲ್ಲ. ನಿನ್ನ ಮನೆ ಎದುರಿನ ಗೋಡೆ ಆ ಫೋನು, ಇವತ್ತೇ ಅವ್ವಗೆ ನಿಜ ಹೇಳು ಅಂದೆ. ಎರಡು ದಿನ ಒದ್ದಾಡಿದ, ಮೂರನೇ ದಿನ ಹೇಳಿದ. ಅವ್ವ ಅತ್ತಳಂತೆ, ಅಪ್ಪ ಒಂದು ವಾರ ಮಾತಾಡಲಿಲ್ಲವಂತೆ. ಈಗ ಬೆಳಿಗ್ಗೆ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡ್ತಾನೆ, ಮಧ್ಯಾಹ್ನ ಓದ್ತಾನೆ. ನೌಕರಿ ಇನ್ನೂ ಆಗಿಲ್ಲ. ಆದರೆ ಅವ್ವನ ಜೊತೆ ಮಾತಾಡುವಾಗ ಈಗ ಹೊಟ್ಟೆಯಲ್ಲಿ ಸಂಕಟ ಆಗಲ್ಲ ಅಂದ.

ನಿಮ್ಮದು ಬೇರೆ ಇರಬಹುದು. ಮನೆಯಲ್ಲಿ ಅಣ್ಣ ಕುಡೀತಾನೆ, ಎಲ್ಲರೂ ಅದನ್ನ ದಾಟಿ ಓಡಾಡ್ತೀರಿ. ಆಫೀಸಿನಲ್ಲಿ ಒಬ್ಬಳಿಗೆ ಅನ್ಯಾಯ ಆಗ್ತಿದೆ, ನಿಮಗೆ ಕಾಣ್ತಿದೆ, ನಮಗ್ಯಾಕ ಅಂತೀರಿ. ಗೋಡೆ ಯಾವುದು ಅಂತ ನಾನು ಹೇಳಲಾರೆ. ದಿನಾ ದಾಟುವ ನಿಮ್ಮ ಕಾಲಿಗೆ ಗೊತ್ತಿರುತ್ತೆ.

ಎರಡು ಪ್ರಕಟಣೆ. ಹಿಂದಿನ ಓಣಿಯಲ್ಲಿ ಇನ್ನೆರಡು ಕಡೆ ಫರಸಿ ಅಲುಗಾಡ್ತಿವೆ. ಅರ್ಜಿ ಬರೆದಿದ್ದೀನಿ, ಸೋಮವಾರ ಹತ್ತೂವರೆಗೆ ನಾನೇ ಕಚೇರಿಗೆ ಹೋಗ್ತೀನಿ, ಜೊತೆಗೆ ಇಬ್ಬರು ಬೇಕು. ಅಲ್ಲಿವರೆಗೆ ಯಾರೂ ಕಾಲಿಡದ ಹಾಗೆ ಕಲ್ಲಿಟ್ಟು ಕೆಂಪು ಬಟ್ಟೆ ಕಟ್ಟೋಕೆ ಇವತ್ತು ಸಂಜೆಯೇ ನಾಲ್ಕು ಜನ ನಿಲ್ಲಬೇಕು. ಇನ್ನೊಂದು, ಆ ಅಮ್ಮ ಹನ್ನೊಂದು ತಿಂಗಳಿಂದ ಕರ್ತನ ಮೇಜಿಗೆ ಬಂದಿಲ್ಲ. ಆಟೋದಿಂದ ಇಳಿಸಿ, ಕುರ್ಚಿಯಲ್ಲಿ ಕೂಡಿಸಿ ಮೆಟ್ಟಿಲು ಹತ್ತಿಸೋಕೆ ಭಾನುವಾರಕ್ಕೆ ನಾಲ್ಕು ಜನ ಬೇಕು. ಬಾಗಿಲ ಹತ್ರ ಹಾಳೆ ಇಟ್ಟಿದ್ದೀನಿ, ಮೊದಲ ಭಾನುವಾರಕ್ಕೆ ನನ್ನ ಹೆಸರು ಬರೆದಾಗಿದೆ, ಕೆಳಗೆ ಮೂರು ಗೆರೆ ಖಾಲಿ ಇದೆ.

ಪ್ರಾರ್ಥನೆಗೆ ಎದ್ದು ನಿಲ್ಲೋಣ.