ಎಳೆಯರಲ್ಲಿ ಸಂಯಮ ಮತ್ತು ಸಹಕಾರ

ಸಂಯಮವು ಮೊದಲು ಒಬ್ಬೊಬ್ಬರಾಗಿ ಸಾಧಿಸತಕ್ಕ ಗುಣವೆಂದೂ, ಸಹಕಾರವು ಅನಂತರ ಶಾಲೆಯಲ್ಲಿ ಬರತಕ್ಕದ್ದೆಂದೂ ಅನೇಕರ ಭಾವನೆ. ಎಳೆಯರಲ್ಲಿ ಇವೆರಡೂ ಒಡನೊಡನೆ ಬೆಳೆಯುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಮೂರರ ಕೂಸು ಅನ್ನ ಬಿದ್ದೊಡನೆ ಕೈಯಿಡುತ್ತದೆ. ಐದರ ಮಗು ಪಕ್ಕದ ತಟ್ಟೆಯನ್ನೂ ನೋಡಿ ತಡೆಯಬಲ್ಲುದು.

೨೦೨೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇಲ್ಲಿ ವಿಚಾರಾರ್ಹ. ಜರ್ಮನಿ ಮತ್ತು ಕೀನ್ಯಾ ದೇಶಗಳ ಐದಾರು ವರ್ಷದ ಮಕ್ಕಳನ್ನು ಜೋಡಿ ಮಾಡಿ, ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಂದೊಂದು ಬಿಸ್ಕತ್ತು ಇಡಲಾಯಿತು. ಇಬ್ಬರೂ ತಿನ್ನದೆ ಕಾದರೆ ಮಾತ್ರ ಇಬ್ಬರಿಗೂ ಇನ್ನೊಂದು. ಒಬ್ಬರು ತಿಂದರೂ ಇಬ್ಬರಿಗೂ ಇಲ್ಲ. ಜೊತೆಯವನ ಮೇಲೆ ಭರವಸೆಯಿಡಬೇಕಾದ ಈ ಕಷ್ಟದ ನಿಯಮದಲ್ಲಿಯೇ, ಕೇವಲ ತಮಗಾಗಿ ಕಾದ ಮಕ್ಕಳಿಗಿಂತ ಹೆಚ್ಚು ಮಕ್ಕಳು ತಡೆದುಕೊಂಡರು!

ದಶಲಕ್ಷಣ ಪರ್ವದಲ್ಲಿ ಹಿರಿಯರನ್ನು ಕಂಡು ತಾನೂ ಉಪವಾಸವಿರುವೆನೆಂದು ಹಠ ಹಿಡಿಯುವ ಮಕ್ಕಳುಂಟು. ಹಾಗೆ ಮಾಡಿಸಿ ಹೊಗಳುವ ಮನೆಗಳೂ ಉಂಟು, ಅದು ಸಲ್ಲದು. ಎಂಟು ವರ್ಷ ತುಂಬದ ಮಗುವಿಗೆ ವ್ರತಧಾರಣೆಯ ಯೋಗ್ಯತೆಯನ್ನು ನಮ್ಮ ಶಾಸ್ತ್ರಗಳೂ ಹೇಳಿಲ್ಲ. ಅದಕ್ಕೆ ಹೊತ್ತಿಗೆ ಸರಿಯಾಗಿ ಊಟವಿಕ್ಕಿ, ಅಜ್ಜಿಯ ಪಾರಣೆ ಮುಗಿಯುವ ತನಕ ಬೆಲ್ಲದ ತುಂಡಿಗಾಗಿ ಅಣ್ಣತಂಗಿಯರು ಕೂಡಿ ಕಾಯುವಂತೆ ಹೇಳಿದರೆ ಸಾಕು. ಒಬ್ಬರು ಸೋತರೆ ಗದರಬಾರದು. ಕೊಡುವೆನೆಂದ ಬೆಲ್ಲವನ್ನು ಹಿರಿಯರು ಮರೆತರೆ ಮಾತ್ರ, ಮಕ್ಕಳು ಮುಂದಿನ ಸಲ ಕಾಯುವುದು ಕಷ್ಟ.