ಆನ್‌ಲೈನ್ ತರಗತಿಯಲ್ಲಿ ಕಾದಂಬರಿ ಪಾಠ

ಅಮೆರಿಕದ ಅನೇಕ ಶಾಲೆಗಳಲ್ಲಿ ಒಂಬತ್ತನೇ ತರಗತಿಯವರು ಇಂಗ್ಲಿಷ್ ವಿಷಯಕ್ಕೆ ಓದುವ ಕಾದಂಬರಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960). ಅದರಲ್ಲಿ 31 ಅಧ್ಯಾಯಗಳಿವೆ. ಮೊದಲ ಭಾಗ 11ನೇ ಅಧ್ಯಾಯಕ್ಕೆ ಮುಗಿಯುತ್ತದೆ. ಮನೆಯಲ್ಲೇ ಕುಳಿತು ಓದುವವರಿಗೆ ವಾರಕ್ಕೆ ಮೂರು-ನಾಲ್ಕು ಅಧ್ಯಾಯ ಸಾಕು.

ಮಕ್ಕಳು ನಕಲು ಮಾಡುತ್ತಾರೆಂಬ ದೂರಿನ ಮೂಲ ಬಹುಪಾಲು ಪ್ರಶ್ನೆಯಲ್ಲೇ ಇರುತ್ತದೆ. ಅಧ್ಯಾಯದ ಸಾರಾಂಶ ಅಂತರ್ಜಾಲದಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಕೇಳುವ ಬದಲು ಒಂದೇ ಸನ್ನಿವೇಶ ಹಿಡಿಯುವುದು ಲೇಸು. ಏಳನೇ ಅಧ್ಯಾಯದಲ್ಲಿ, ಕಥೆಯ ಮಕ್ಕಳಿಗೆ ಗುಟ್ಟಾಗಿ ಉಡುಗೊರೆ ಸಿಗುತ್ತಿದ್ದ ಮರದ ಪೊಟರೆಯನ್ನು ನೆರೆಯ ನೇಥನ್ ರಾಡ್ಲಿ ಸಿಮೆಂಟ್ ತುಂಬಿ ಮುಚ್ಚಿಬಿಡುತ್ತಾನೆ. ಮರಕ್ಕೆ ಕಾಯಿಲೆ ಎಂಬುದು ಅವನ ಸಬೂಬು. ಮರ ಗಟ್ಟಿಮುಟ್ಟಾಗಿದೆ ಎನ್ನುತ್ತಾರೆ ಮಕ್ಕಳ ತಂದೆ ಅಟಿಕಸ್. ಆ ಸಂಜೆ ಅವರ ಮಗ ಜೆಮ್ ಅತ್ತದ್ದೇಕೆ? ಲೇಖಕಿ ಬಿಡಿಸಿ ಹೇಳುವುದಿಲ್ಲ. ಪಠ್ಯದಿಂದ ಎರಡು ಆಧಾರ ಕೊಟ್ಟು ಇದಕ್ಕೆ ಒಂದು ಪುಟ ಬರೆಯಬೇಕಾದ ವಿದ್ಯಾರ್ಥಿ ಪುಸ್ತಕ ತೆರೆಯಲೇಬೇಕಾಗುತ್ತದೆ.

ಮೊದಲ ಕರಡಿಗೆ ಅಂಕ ಬೇಡ. ಶಿಕ್ಷಕರು ಚಿಕ್ಕ ಧ್ವನಿಸಂದೇಶದಲ್ಲಿ ಒಂದೇ ಕೊರತೆ ತೋರಿಸಿದರೆ ತಿದ್ದುವ ಮನಸ್ಸು ಬರುತ್ತದೆ. ತುಂಬ ಕೆಂಪು ಗುರುತು ಬಿದ್ದ ಕಡತ ಕಂಡರೆ ಹದಿನಾಲ್ಕರ ಮಕ್ಕಳು ಕೈಚೆಲ್ಲುತ್ತಾರೆ. ನೆಟ್ ಸರಿಯಾಗಿ ಸಿಗದ ಮನೆಯವರಿಗೆ ಕೈಬರಹದ ಹಾಳೆಯ ಫೋಟೊ ಕಳಿಸುವ ಅವಕಾಶವೂ ಗಡುವಿನಲ್ಲಿ ಒಂದೆರಡು ದಿನದ ಸಡಿಲಿಕೆಯೂ ಇರಬೇಕು.