ಕ್ಷಮಿಸಿದವಳು ಮರಳಿ ಹೋಗಲೇಬೇಕೆ?

ಪ್ರಶ್ನೆ: ಮಗಳ ಗೆಳತಿ ಕೊಟ್ಟ ‘ರಿಡೀಮಿಂಗ್ ಲವ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಮೊನ್ನೆ ಓದಿ ಮುಗಿಸಿದೆ. ಕಣ್ಣೀರು ಬಂತು, ಸಿಟ್ಟೂ ಬಂತು. ಅಷ್ಟೆಲ್ಲ ಅನುಭವಿಸಿದ ಹೆಣ್ಣು ಕೊನೆಗೆ ಎಲ್ಲರನ್ನೂ ಕ್ಷಮಿಸಬೇಕೆ? ‘ಆದದ್ದಾಯಿತು, ಹೊಂದಿಕೊಂಡು ಹೋಗು’ ಎಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳುತ್ತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಪ್ರೇಮಕಥೆಯಲ್ಲಿ ದೇವರಿಗೇನು ಕೆಲಸ ಎಂಬುದೂ ತಿಳಿಯಲಿಲ್ಲ. ನಾನು ಕ್ರೈಸ್ತಳಲ್ಲ, ಕೇಳಬಾರದ್ದನ್ನು ಕೇಳಿದ್ದರೆ ಮನ್ನಿಸಿ.
– ಹೆಸರು ಬೇಡವೆಂದ ಓದುಗರು, ಹಾಸನ

ಉತ್ತರ: ಮನ್ನಿಸುವಂಥದ್ದು ಏನೂ ಇಲ್ಲ. ಇದು ಕೇಳಲೇಬೇಕಾದ ಪ್ರಶ್ನೆ. ಆ ಧರ್ಮದಲ್ಲೇ ಹುಟ್ಟಿ ಬೆಳೆದವರೂ ಈ ಪುಸ್ತಕ ಓದಿ ಇದನ್ನೇ ಕೇಳಿಕೊಂಡಿದ್ದಾರೆ. ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ. ಪ್ರೇಮಕಥೆಗೆ ದೇವರು ಯಾಕೆ ಬೇಕಾಯಿತು ಎಂಬುದು ಒಂದು. ಕ್ಷಮಿಸುವುದೆಂದರೆ ನೋವು ಕೊಟ್ಟವರ ಜೊತೆ ಮತ್ತೆ ಹೊಂದಿಕೊಂಡು ಬಾಳುವುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೇಗ ಉತ್ತರ ಹೇಳಬಹುದು. ಎರಡನೆಯದಕ್ಕೆ ಸ್ವಲ್ಪ ನಿಧಾನ ಬೇಕು.

ಪುಸ್ತಕ ಬರೆದ ಫ್ರಾನ್ಸಿನ್ ರಿವರ್ಸ್ ಅಮೆರಿಕದವರು. 1970ರ ದಶಕದ ಕೊನೆಯಿಂದಲೂ ಅವರು ಸಾಮಾನ್ಯ ಓದುಗರಿಗಾಗಿ ಐತಿಹಾಸಿಕ ಪ್ರಣಯ ಕಾದಂಬರಿಗಳನ್ನು ಬರೆಯುತ್ತಿದ್ದರು. 1986ರಲ್ಲಿ ಅವರ ಧಾರ್ಮಿಕ ಬದುಕು ಬೇರೆ ತಿರುವು ಪಡೆಯಿತು. ಆ ಬಳಿಕ ಬರೆದ ಮೊದಲ ಕಾದಂಬರಿಯೇ ನೀವು ಓದಿದ್ದು. 1991ರಲ್ಲಿ ಅದು ಮೊದಲ ಬಾರಿಗೆ ಅಚ್ಚಾಯಿತು. 1997ರಲ್ಲಿ ಲೇಖಕಿಯೇ ತಿದ್ದಿದ ಆವೃತ್ತಿಯನ್ನು ಕ್ರೈಸ್ತ ಪ್ರಕಾಶನವೊಂದು ಹೊರತಂದಿತು. ಈಗ ಅಂಗಡಿಯಲ್ಲಿ ಸಿಗುವುದು ಅದೇ. 2022ರಲ್ಲಿ ಸಿನಿಮಾ ಕೂಡ ಆಯಿತು.

ಈ ಬಗೆಯ ಕಾದಂಬರಿ ಅಮೆರಿಕದಲ್ಲಿ ಅದಕ್ಕೂ ಮೊದಲೇ ಬೇರೂರಿತ್ತು. ಜಾನೆಟ್ ಓಕ್ ಎಂಬವರ ‘ಲವ್ ಕಮ್ಸ್ ಸಾಫ್ಟ್‌ಲಿ’ 1979ರಲ್ಲಿ ಬಂದು ಬಹಳ ಓದುಗರನ್ನು ಗಳಿಸಿತು. ಪಶ್ಚಿಮದ ಬಯಲಿಗೆ ವಲಸೆ ಬಂದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡ ಬಸುರಿ ಹೆಣ್ಣೊಬ್ಬಳು, ಪುಟ್ಟ ಮಗಳಿರುವ ವಿಧುರನ ಮನೆ ಸೇರುವ ಕಥೆ ಅದು. ಮಿಲ್ಸ್ ಅಂಡ್ ಬೂನ್ ಪುಸ್ತಕಗಳು ನಿಮಗೆ ಗೊತ್ತಿರಬಹುದು. ಆ ಪ್ರಕಾಶನದ ಒಡೆತನ ಹೊಂದಿದ್ದ ಹಾರ್ಲೆಕ್ವಿನ್ ಸಂಸ್ಥೆ 1997ರಲ್ಲಿ ‘ಲವ್ ಇನ್‌ಸ್ಪೈರ್ಡ್’ ಎಂಬ ಕ್ರೈಸ್ತ ಪ್ರಣಯ ಮಾಲೆಯನ್ನೇ ಶುರುಮಾಡಿತು. ಬೈಗುಳ ಇರಬಾರದು, ಹಾಸಿಗೆಯ ವರ್ಣನೆ ಕೂಡದು, ನಾಯಕ ನಾಯಕಿಯರ ಪ್ರೀತಿಯ ಜೊತೆಗೆ ದೇವರೊಡನೆ ಅವರ ಸಂಬಂಧವೂ ಬೆಳೆಯಬೇಕು ಎಂಬುದು ಈ ಪುಸ್ತಕಗಳ ಸಾಮಾನ್ಯ ಕಟ್ಟಳೆ.

ದೇವರಿಗೇನು ಕೆಲಸ ಎಂಬುದಕ್ಕೆ ಉತ್ತರ ಆ ಕೊನೆಯ ಕಟ್ಟಳೆಯಲ್ಲಿದೆ. ಸಾಮಾನ್ಯ ಪ್ರಣಯ ಕಾದಂಬರಿಯಲ್ಲಿ ನಾಯಕಿಯ ಗಾಯಕ್ಕೆ ನಾಯಕನೇ ಮದ್ದು. ಅವನು ಬಂದ, ಪ್ರೀತಿಸಿದ, ಅವಳ ಹಳೆಯ ನೋವು ಹೋಯಿತು. ಕ್ರೈಸ್ತ ಪ್ರಣಯ ಕಾದಂಬರಿ, ಒಳ್ಳೆಯದಾದರೆ, ಇದನ್ನು ಒಪ್ಪುವುದಿಲ್ಲ. ಮನುಷ್ಯನ ಪ್ರೀತಿ ಎಷ್ಟೇ ದೊಡ್ಡದಾದರೂ ಇನ್ನೊಬ್ಬರ ಒಳಗಿನ ಗಾಯವನ್ನು ಪೂರ್ತಿ ಮಾಯಿಸಲಾರದು ಎಂಬುದು ಅದರ ನಂಬಿಕೆ. ಆದ್ದರಿಂದ ನಾಯಕ ಒಂದು ಹಂತದಲ್ಲಿ ಪಕ್ಕಕ್ಕೆ ಸರಿಯಲೇಬೇಕು. ನಿಮ್ಮ ಕಾದಂಬರಿಯನ್ನೇ ನೋಡಿ. ಎಳವೆಯಲ್ಲೇ ಮಾರಾಟವಾಗಿ ವೇಶ್ಯೆಯಾದ ನಾಯಕಿ ಏಂಜೆಲ್, ತನ್ನನ್ನು ಮದುವೆಯಾದ ರೈತ ಮೈಕೆಲ್‌ನ ಮನೆ ಬಿಟ್ಟು ಮತ್ತೆ ಮತ್ತೆ ಹೊರಡುತ್ತಾಳೆ. ಮೊದಲೆರಡು ಬಾರಿ ಅವನು ಅವಳನ್ನು ಕರೆತರುತ್ತಾನೆ. ಕೊನೆಯ ಬಾರಿ ಹುಡುಕಿಕೊಂಡು ಹೋಗುವುದಿಲ್ಲ. ಹೊಲದಲ್ಲಿ ದುಡಿಯುತ್ತಾ ಕಾಯುತ್ತಾನೆ. ಅವಳು ಬದಲಾಗುವುದು ಅವನಿಲ್ಲದ ಆ ಮೂರು ವರ್ಷಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ತನ್ನ ಕಾಲ ಮೇಲೆ ತಾನು ನಿಂತು. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಜೀವ ಇರುವುದು ಅಲ್ಲಿ. ಪ್ರೇಮಕಥೆ ಬರೆಯುವವರಿಗೆ ನಾಯಕನನ್ನು ಅಷ್ಟು ದೀರ್ಘಕಾಲ ಕಥೆಯಿಂದ ದೂರ ಇಡುವ ಧೈರ್ಯ ಸುಲಭಕ್ಕೆ ಬರುವುದಿಲ್ಲ.

ಕಥೆಯ ಮೂಲವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೈಕೆಲ್‌ನ ಮನೆತನದ ಹೆಸರು ಹೊಸೇಯಾ ಎಂದಿರುವುದನ್ನು ನೀವು ಗಮನಿಸಿರಬಹುದು. ಕನ್ನಡ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಹೋಶೇಯ ಎಂಬ ಪ್ರವಾದಿಯ ಪುಸ್ತಕವಿದೆ. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಉತ್ತರ ಇಸ್ರೇಲ್ ರಾಜ್ಯದಲ್ಲಿದ್ದವನು ಅವನು. ಗೋಮೆರ್ ಎಂಬವಳನ್ನು ಮದುವೆಯಾಗುತ್ತಾನೆ. ಅವಳು ಬೇರೆಯವರ ಹಿಂದೆ ಹೋಗುತ್ತಾಳೆ. ಮೂರನೆಯ ಅಧ್ಯಾಯದಲ್ಲಿ ಅವನು ಹದಿನೈದು ಶೆಕೆಲ್ ಬೆಳ್ಳಿ, ಜೊತೆಗೆ ಒಂದಷ್ಟು ಜವೆಗೋಧಿ ಅಳೆದುಕೊಟ್ಟು ಒಬ್ಬ ಹೆಣ್ಣನ್ನು ಬಿಡಿಸಿ ತರುತ್ತಾನೆ. ಅಲ್ಲಿ ಅವಳ ಹೆಸರಿಲ್ಲ, ಗೋಮೆರಳೇ ಎಂದು ಸಾಮಾನ್ಯವಾಗಿ ಓದುತ್ತಾರೆ. ಬೆಳ್ಳಿ ಸಾಲದೆ ಧಾನ್ಯ ಸೇರಿಸಿದನೇನೋ ಎಂದು ನನಗೆ ಓದಿದಾಗಲೆಲ್ಲ ಅನ್ನಿಸುತ್ತದೆ. ದೇವರು ತನ್ನನ್ನು ತೊರೆದುಹೋದ ಜನರನ್ನು ಹೇಗೆ ಪ್ರೀತಿಸುತ್ತಾನೆ ಎಂದು ತೋರಿಸುವುದು ಆ ಪುಸ್ತಕದ ಉದ್ದೇಶ. ರಿವರ್ಸ್ ಅದನ್ನು 1850ರ ಕ್ಯಾಲಿಫೋರ್ನಿಯಾಕ್ಕೆ, ಚಿನ್ನ ಸಿಕ್ಕಿತೆಂದು ಗಂಡಸರು ಮುಗಿಬಿದ್ದು ಬಂದಿದ್ದ ಗಣಿ ಊರಿಗೆ ತಂದು ಕೂರಿಸಿದರು. ಮೈಕೆಲ್‌ನ ತಾಳ್ಮೆ ಮನುಷ್ಯನಿಗೆ ಮೀರಿದ್ದಾಗಿ ಕಂಡಿದ್ದರೆ ಕಾರಣ ಇದೇ. ಅವನು ಒಬ್ಬ ರೈತನಾಗಿಯೂ ಇರಬೇಕು, ದೇವರ ಪ್ರೀತಿಯ ಗುರುತಾಗಿಯೂ ನಿಲ್ಲಬೇಕು.

ಈಗ ನಿಮ್ಮ ಎರಡನೆಯ ಸಂದೇಹ. ಅನೇಕರಿಗೆ ಗೊಂದಲವಾಗುವುದು ಇಲ್ಲಿಯೇ, ಆಗುವುದು ಸಹಜವೂ ಹೌದು. ಕ್ಷಮಿಸುವುದು ಬೇರೆ, ಮತ್ತೆ ಒಂದಾಗುವುದು ಬೇರೆ. ಕ್ಷಮೆ ಒಬ್ಬರೇ ಮಾಡಬಹುದಾದ ಕೆಲಸ. ತಪ್ಪು ಮಾಡಿದವರು ಎದುರಿಗೆ ಇರಬೇಕೆಂದೂ ಇಲ್ಲ, ಬದುಕಿರಬೇಕೆಂದೂ ಇಲ್ಲ. ಒಂದಾಗುವುದಕ್ಕೆ ಇಬ್ಬರು ಬೇಕು, ಅದರಲ್ಲಿ ಒಬ್ಬರು ತಮ್ಮ ತಪ್ಪನ್ನು ತಪ್ಪೆಂದು ಒಪ್ಪಿಕೊಂಡಿರಬೇಕು. ನಮ್ಮ ಮನೆಗಳಲ್ಲಿ ‘ಹೊಂದಿಕೊಂಡು ಹೋಗು’ ಎನ್ನುವಾಗ ಈ ಎರಡನ್ನೂ ಸೇರಿಸಿಬಿಡುತ್ತೇವೆ. ನೊಂದವಳಿಂದ ಎರಡನ್ನೂ ಕೇಳುತ್ತೇವೆ, ನೋಯಿಸಿದವನಿಂದ ಏನನ್ನೂ ಕೇಳುವುದಿಲ್ಲ.

ಕಾದಂಬರಿಯಲ್ಲಿ ಇಬ್ಬರು ಗಂಡಸರನ್ನು ಪಕ್ಕಪಕ್ಕ ಇಟ್ಟು ನೋಡಿ. ಡ್ಯೂಕ್ ಎಂಬವನು ಏಂಜೆಲ್‌ಳನ್ನು ಎಂಟನೆಯ ವಯಸ್ಸಿನಲ್ಲಿ ಕೊಂಡು ಹಾಳುಮಾಡಿದವನು. ವರ್ಷಗಳ ಮೇಲೆ ಅವನು ಮತ್ತೆ ಎದುರಾದಾಗ ಅವಳು ಮಾಡುವುದೇನು? ಜನ ತುಂಬಿದ ಸಭೆಯಲ್ಲಿ ಅವನ ಬಣ್ಣ ಬಯಲುಮಾಡುತ್ತಾಳೆ. ಅವನ ಮನೆಯಲ್ಲಿ ಸಿಕ್ಕಿಬಿದ್ದಿದ್ದ ಎಳೆಯ ಹುಡುಗಿಯರನ್ನು ಬಿಡಿಸಿಕೊಂಡು ಹೊರಬರುತ್ತಾಳೆ. ಅವನ ಜೊತೆ ರಾಜಿಯ ಮಾತೇ ಇಲ್ಲ. ಇನ್ನೊಬ್ಬ ಪಾಲ್, ಮೈಕೆಲ್‌ನ ಸತ್ತ ತಂಗಿಯ ಗಂಡ. ಒಂದು ಗಾಡಿ ಪ್ರಯಾಣಕ್ಕೆ ಅವಳ ದೇಹವನ್ನೇ ಬಾಡಿಗೆಯಾಗಿ ಪಡೆದವನು, ಆಮೇಲೆ ಅವಳನ್ನೇ ಕೀಳೆಂದು ಕಂಡವನು. ಅವನು ಕೊನೆಗೆ ಅವಳನ್ನು ಹುಡುಕಿಕೊಂಡು ನಗರಕ್ಕೆ ಹೋಗುತ್ತಾನೆ. ದಾರಿ ತಪ್ಪಿದ ಹೆಂಗಸರಿಗಾಗಿ ಅವಳು ನಡೆಸುತ್ತಿರುವ ಮನೆಯನ್ನು ನೋಡುತ್ತಾನೆ. ತಾನು ಯಾರನ್ನು ಕೀಳೆಂದಿದ್ದೆ ಎಂಬುದು ಆಗ ಅವನಿಗೆ ಅರಿವಾಗುತ್ತದೆ, ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಅವನ ಜೊತೆ ಸಂಬಂಧ ಮತ್ತೆ ಕೂಡುತ್ತದೆ. ಒಂದೇ ಹೆಣ್ಣು, ಒಂದೇ ನಂಬಿಕೆ. ಆದರೆ ಒಬ್ಬನಿಗೆ ಅವಳ ಬಾಗಿಲು ಶಾಶ್ವತವಾಗಿ ಮುಚ್ಚಿತು, ಇನ್ನೊಬ್ಬನ ಜೊತೆ ಮಾತು ಶುರುವಾಯಿತು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಾಳೆಂದು ನಿಮಗೆ ಅನ್ನಿಸಿದ್ದರೆ ಈ ಎರಡು ಭಾಗಗಳನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.

ಈ ವ್ಯತ್ಯಾಸ ಲೇಖಕಿ ತಾವಾಗಿ ಮಾಡಿಕೊಂಡ ಅನುಕೂಲವೂ ಅಲ್ಲ. ಕ್ಷಮೆಯ ಮಾತು ಬಂದಾಗ ಚರ್ಚುಗಳಲ್ಲಿ ಬಹಳವಾಗಿ ಹೇಳುವುದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಶಿಷ್ಯ ಪೇತ್ರನು ಕೇಳುತ್ತಾನೆ. ಯೇಸು ಅದನ್ನು ಲೆಕ್ಕವಿಡಲಾಗದಷ್ಟಕ್ಕೆ ಏರಿಸುತ್ತಾನೆ. ಇದು ಎಲ್ಲರಿಗೂ ಗೊತ್ತು. ಅದೇ ಅಧ್ಯಾಯದಲ್ಲಿ ಇದಕ್ಕೆ ಸ್ವಲ್ಪ ಮೊದಲು ಇರುವುದನ್ನು ಅಷ್ಟಾಗಿ ಹೇಳುವುದಿಲ್ಲ. ನಿನಗೆ ತಪ್ಪು ಮಾಡಿದವನ ಬಳಿ ಹೋಗಿ ಅವನ ತಪ್ಪನ್ನು ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನನ್ನು ಹೊರಗಿನವನೆಂದು ಎಣಿಸು ಎಂಬ ಅರ್ಥದ ಮಾತು ಅಲ್ಲಿದೆ. ಬಾಯಿ ಮುಚ್ಚಿಕೊಂಡಿರು ಎಂದು ಅಲ್ಲಿ ಯಾರೂ ಹೇಳಿಲ್ಲ.

ಕಥೆಯಾಚೆಗೆ, ನಮ್ಮ ದೇಶದಲ್ಲೇ ನಡೆದದ್ದನ್ನೂ ನೆನೆಯಬಹುದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮೊಕದ್ದಮೆ ನಿಲ್ಲಲಿಲ್ಲ. ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ಕ್ಷಮೆ ಕೋರ್ಟಿನ ಕೈ ಕಟ್ಟಲಿಲ್ಲ, ಕೋರ್ಟಿನ ತೀರ್ಪು ಅವರ ಕ್ಷಮೆಯನ್ನು ಸುಳ್ಳುಮಾಡಲಿಲ್ಲ. ಗಂಡ, ಮಕ್ಕಳು ಹೋದ ಮೇಲೂ ಅವರು ಕೆಲವು ವರ್ಷ ತಾವು ನೆಲೆಸಿದ್ದ ಬಾರಿಪದದಲ್ಲೇ ಉಳಿದು ರೋಗಿಗಳ ಸೇವೆ ಮುಂದುವರಿಸಿದರು.

ನಿಮಗೆ ಬಂದ ಸಿಟ್ಟಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಅದರಲ್ಲಿ ನ್ಯಾಯವಿದೆ. ವೇಶ್ಯಾಗೃಹದ ಕಾವಲಿನವನ ಹೊಡೆತಕ್ಕೆ ಸಿಕ್ಕಿ ಅರೆಪ್ರಜ್ಞೆಯಲ್ಲಿ ಬಿದ್ದಿರುವಾಗ ಏಂಜೆಲ್ ಮದುವೆಗೆ ಹೂಂ ಎನ್ನುತ್ತಾಳೆ. ಅದನ್ನು ಒಪ್ಪಿಗೆ ಎಂದು ನಾನು ಕರೆಯಲಾರೆ. ಮೈಕೆಲ್ ಅವಳನ್ನು ಒರಟಾಗಿ ಕರೆತರುವ ಕಡೆಯೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಪ್ರವಾದಿಯ ರೂಪಕವನ್ನು ಗಂಡ ಹೆಂಡಿರ ಮೇಲೆ ಹೊರಿಸಿದಾಗ ಬರುವ ಅಪಾಯ ಇದು: ದೇವರ ಪಾತ್ರ ಗಂಡನಿಗೆ, ತಪ್ಪಿಹೋದವರ ಪಾತ್ರ ಹೆಂಡತಿಗೆ ಎಂದಾಗಿಬಿಡುತ್ತದೆ. ಇನ್ನೊಂದು ಆಕ್ಷೇಪ ಕೊನೆಯ ಪುಟಗಳದ್ದು. ತಾಯಾಗಲಾರಳೆಂದು ಗೊತ್ತಾಗಿದ್ದ ಏಂಜೆಲ್‌ಗೆ ಅಲ್ಲಿ ಮಕ್ಕಳಾಗುತ್ತವೆ. ಗಾಯ ಮಾಯಿತೆಂದು ತೋರಿಸಲು ಲೇಖಕಿಗೆ ಮಕ್ಕಳು ಬೇಕಿರಲಿಲ್ಲ. ಅಷ್ಟು ಕಾಲ ಯಾರಿಗೂ ಹೇಳದ ತನ್ನ ನಿಜವಾದ ಹೆಸರನ್ನು, ಸಾರಾ ಎಂದು, ತಾನಾಗಿ ಮರಳಿ ಬಂದ ದಿನ ಅವಳು ಗಂಡನಿಗೆ ಹೇಳುತ್ತಾಳಲ್ಲ, ಅಷ್ಟು ಸಾಕಿತ್ತು. ಮಕ್ಕಳಿಲ್ಲದ ಎಷ್ಟೋ ಓದುಗರಿಗೆ ಆ ಕೊನೆಯ ಪುಟಗಳು ನೋವು ಕೊಟ್ಟಿರಬಹುದು.

ನೀವು ಕ್ರೈಸ್ತರಲ್ಲ ಎಂದು ಹಿಂಜರಿದಿರಿ. ಕನ್ನಡದ ಓದುಗರಿಗೆ ಈ ವಸ್ತು ಹೊರಗಿನದೇನಲ್ಲ. ಮಾಸ್ತಿಯವರ ‘ವೆಂಕಟಿಗನ ಹೆಂಡತಿ’ ಕಥೆಯನ್ನು ನೀವು ಓದಿರಬಹುದು. ಬಿಟ್ಟುಹೋದ ಹೆಂಡತಿ ಮರಳಿ ಬಂದಾಗ ಬಡ ವೆಂಕಟಿಗ ಅವಳನ್ನು ಮನೆಗೆ ಸೇರಿಸಿಕೊಳ್ಳುತ್ತಾನೆ. ಅಲ್ಲಿ ಪ್ರವಾದಿಯೂ ಇಲ್ಲ, ದೇವರ ದನಿಯೂ ಕೇಳುವುದಿಲ್ಲ. ಒಬ್ಬ ಸಾಮಾನ್ಯ ಮನುಷ್ಯನ ಒಳ್ಳೆಯತನ ಮಾತ್ರ ಇದೆ. ರಿವರ್ಸ್ ನಾನೂರಕ್ಕೂ ಹೆಚ್ಚು ಪುಟಗಳಲ್ಲಿ ಹೇಳಿದ್ದಕ್ಕೆ ಹತ್ತಿರವಾದದ್ದನ್ನು ಮಾಸ್ತಿ ಒಂದು ಸಣ್ಣ ಕಥೆಯಲ್ಲಿ ಹೇಳಿದ್ದಾರೆ, ನನಗೆ ಹೆಚ್ಚು ಹತ್ತಿರವಾಗುವುದು ಆ ಕಥೆಯೇ. ಆದರೆ ಅಲ್ಲಿ ನಾವು ಕೇಳುವುದು ಕ್ಷಮಿಸಿದ ಗಂಡನ ಮಾತನ್ನು. ಎಳವೆಯಿಂದ ನೊಂದ ಹೆಣ್ಣಿನ ಒಳಗನ್ನು ಅಷ್ಟು ದೂರ ಹಿಂಬಾಲಿಸಿದ್ದು ‘ರಿಡೀಮಿಂಗ್ ಲವ್’ನ ಹೆಚ್ಚುಗಾರಿಕೆ.

ಕೊನೆಯದಾಗಿ ಒಂದು ಕೋರಿಕೆ. ಪುಸ್ತಕವನ್ನು ಮಗಳಿಗೂ ಓದಲು ಕೊಡಿ, ಮೇಲಿನ ಆಕ್ಷೇಪಗಳನ್ನು ಅವಳ ಜೊತೆ ಕೂತು ಮಾತಾಡಿ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಸಂಗಗಳಿವೆ ಎಂದು ಮೊದಲೇ ತಿಳಿಸಿ. ಆದರೆ ಗಂಡನ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳ ಕೈಗೆ ‘ನೋಡು, ಇವಳು ಕ್ಷಮಿಸಿದಳು’ ಎಂದು ಇದನ್ನು ಇಡಬೇಡಿ. ಅವಳಿಗೆ ಮೊದಲು ಬೇಕಾದದ್ದು ಸುರಕ್ಷಿತವಾದ ಒಂದು ಜಾಗ. ಮಹಿಳಾ ಸಹಾಯವಾಣಿ 181, ಅದನ್ನು ಅವಳಿಗೆ ತಿಳಿಸಿ.